ಪಾರಿಯ ಕಿಟಕಿಯನ್ನು ಕದ್ದವರು

ಶಿಕಾರಿಪುರದ ಆ ಆರ್ಕಿಟೆಕ್ಟ್ ತೀರಿಕೊಂಡು ಎರಡು ತಿಂಗಳಾಯಿತು. ಅವರ ನೆನಪಿಗೆ ಒಂದು ಪುಸ್ತಕ ತರುತ್ತಿದ್ದಾರಂತೆ. ಅದರ ಕೆಲಸ ವಹಿಸಿಕೊಂಡವರು ಫೋನ್ ಮಾಡಿ, "ಮೇಡಂ, ಸರ್ ಮೊದಲು ಪಾಠ ಮಾಡಿದ್ದು ನಿಮ್ಮ ಶಾಲೇಲೇ ಅಲ್ಲೇನ್ರಿ? ಎರಡು ಪುಟ ಬರ್ಕೊಡ್ರಿ. ಒಳ್ಳೊಳ್ಳೆ ನೆನಪು ಇದ್ದೇ ಇರ್ತಾವೆ" ಎಂದರು.

ಒಳ್ಳೆಯ ನೆನಪುಗಳಿವೆ. ಅವುಗಳಿಂದಲೇ ಶುರು ಮಾಡುತ್ತೇನೆ, ಅಲ್ಲಿಗೇ ನಿಲ್ಲಿಸುವುದಿಲ್ಲ ಅಷ್ಟೆ. ಅವರ ಹೆಸರನ್ನೂ ಬರೆಯುವುದಿಲ್ಲ. ಒಬ್ಬರ ಹೆಸರನ್ನು ಬಿಟ್ಟುಬಿಟ್ಟರೆ ಏನಾಗುತ್ತದೆ ಎಂಬುದನ್ನು ನನಗೆ ತೋರಿಸಿಕೊಟ್ಟವರೇ ಅವರು. "ಅವರು" ಎನ್ನುತ್ತಿದ್ದೇನೆಂದರೆ ಅದು ಗೌರವವಲ್ಲ, ಇಪ್ಪತ್ತೆರಡು ವರ್ಷ ಮೇಡಂ ಆಗಿದ್ದ ನಾಲಿಗೆಯ ಅಭ್ಯಾಸ.

ಎಂಟು ವರ್ಷದ ಹಿಂದೆ ನಾನು ಸೊರಬ ತಾಲ್ಲೂಕಿನ ಹೊಸಬಾಳೆ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿದ್ದೆ. ಒಂದರಿಂದ ಐದನೇ ತರಗತಿ, ಮೂವತ್ತೊಂದು ಮಕ್ಕಳು, ಇಬ್ಬರು ಶಿಕ್ಷಕಿಯರು, ಎರಡು ಕೋಣೆ. ಪಡುವಣದ ಗೋಡೆ ಬಿರುಕು ಬಿಟ್ಟಿದ್ದರಿಂದ ಮೂರನೆಯ ಕೋಣೆಗೆ ಬೀಗ ಹಾಕಿದ್ದೆವು. ಊರಿನಲ್ಲಿ ಯಾರದೋ ಮನೆಯ ಕೆಲಸ ನೋಡಲು ಬಂದಿದ್ದ ಅವರು ಕುಡಿಯುವ ನೀರು ಕೇಳಿಕೊಂಡು ನಮ್ಮ ಶಾಲೆಗೆ ಬಂದರು. ನೀರು ಕುಡಿದ ಮೇಲೂ ಹೋಗಲಿಲ್ಲ. ಜಗಲಿಯ ಮೇಲೆ ಕೂತು ಮಕ್ಕಳು ಒಳಗೆ ಹೋಗುವುದು, ಹೊರಗೆ ಬರುವುದು, ಚಪ್ಪಲಿ ಬಿಡುವುದನ್ನೆಲ್ಲ ಒಂದು ಗಂಟೆ ನೋಡಿದರು. ಆಮೇಲೆ ಕೇಳಿದರು.

"ಶನಿವಾರ ಒಂದು ತಾಸು ಈ ಮಕ್ಕಳನ್ನ ನಂಗೆ ಬಿಟ್ಟುಕೊಡ್ತೀರೇನ್ರಿ ಮೇಡಂ? ಮನೆ ಹೆಂಗೆ ಹುಟ್ತೈತೆ ಅಂತ ಕಲಿಸ್ತೀನಿ."

ನನಗೆ ನಗು ಬಂತು. "ನಾಲ್ಕನೇ ಕ್ಲಾಸಿನವ್ರಿಗೇ ಇನ್ನೂ ಭಾಗಾಕಾರ ಬರಲ್ಲ ಸರ್."

"ಭಾಗಾಕಾರ ಬರದವ್ರೇ ಬೇಕ್ರಿ. ಬಂದವರು ಕಟ್ಟಿದ್ದನ್ನೆಲ್ಲ ನೋಡೀನಿ."

ಮುಂದಿನ ಶನಿವಾರ ಹೆಗಲಿಗೊಂದು ಕ್ಯಾನ್‌ವಾಸ್ ಚೀಲ ಹಾಕಿಕೊಂಡು ಹಳೆಯ ಸ್ಕೂಟರಿನಲ್ಲಿ ಬಂದರು. ಶಿಕಾರಿಪುರದಲ್ಲಿ ಗೊಬ್ಬರದಂಗಡಿಯ ಮೇಲಿನ ಮಹಡಿಯಲ್ಲಿ ಅವರ ಆಫೀಸು. ಐವತ್ತರ ಹತ್ತಿರದ ವಯಸ್ಸು. ಕೈಯಲ್ಲಿ ಸದಾ ಸೀಮೆಸುಣ್ಣದ ಪುಡಿ ಇರುತ್ತಿದ್ದುದರಿಂದ ಜಾರಿದ ಕನ್ನಡಕವನ್ನು ಮಣಿಕಟ್ಟಿನಿಂದ ಮೇಲೆ ತಳ್ಳುತ್ತಿದ್ದರು. ಮಕ್ಕಳ ಜೊತೆ ಮಾತಾಡುವಾಗ ಬಗ್ಗುತ್ತಿರಲಿಲ್ಲ. ನೆಲದ ಮೇಲೆ ಕೂತುಬಿಡುತ್ತಿದ್ದರು, ಮಕ್ಕಳೇ ಅವರನ್ನು ಬಗ್ಗಿ ನೋಡಬೇಕು ಹಾಗೆ.

ಮೊದಲ ದಿನ ಕಾಗದವನ್ನೇ ಮುಟ್ಟಿಸಲಿಲ್ಲ. ಒಬ್ಬೊಬ್ಬರನ್ನೇ ಜಗಲಿಯ ಮೇಲೆ ಮಲಗಿಸಿ ಸುತ್ತಲೂ ಸೀಮೆಸುಣ್ಣದಲ್ಲಿ ಗೆರೆ ಎಳೆಸಿದರು. "ನಿಮ್ಮ ಮೈಯೇ ನಿಮ್ಮ ಟೇಪು. ಮನೇಲಿ ಮರೆತು ಬಂದೆ ಅನ್ನಂಗಿಲ್ಲ" ಎಂದರು. ಬಾಗಿಲು ಎಷ್ಟು ಗೇಣು, ಬೆಂಚು ಎಷ್ಟು ಗೇಣು, ಬಾವಿಕಟ್ಟೆಗೆ ಎಷ್ಟು ಹೆಜ್ಜೆ, ಎಲ್ಲವನ್ನೂ ಮಕ್ಕಳು ತಮ್ಮ ಕೈಯಲ್ಲೇ ಅಳೆದರು. ಒಂದೇ ವಾರಕ್ಕೆ ಅವರಿಗೆ "ಗೇಣು ಸಾರ್" ಎಂದು ಹೆಸರು ಬಿತ್ತು.

ಇನ್ನೊಂದು ಶನಿವಾರ, ಕೋಣೆಯೊಳಗೆ ಬಿಸಿಲು ಎಲ್ಲೆಲ್ಲಿ ಬೀಳುತ್ತದೆ ಎಂದು ಗಂಟೆಗೊಮ್ಮೆ ನೆಲದ ಮೇಲೆ ಗುರುತು ಮಾಡಲು ಹೇಳಿದರು. ಹನ್ನೊಂದು ಗಂಟೆಗೆ ಒಂದು ಹುಡುಗಿ ಎದ್ದು ನಿಂತು, "ಸಾರ್, ಈಗ ಬೋರ್ಡು ಹೊಳೀತೈತೆ, ಏನೂ ಕಾಣಲ್ಲ" ಎಂದಳು. ಎಡಗಡೆಯ ಸಾಲಿನ ಮಕ್ಕಳೆಲ್ಲ ಹೌದು ಹೌದು ಎಂದರು. ಆ ಕೋಣೆಯಲ್ಲಿ ನಾನು ಆರು ವರ್ಷ ಪಾಠ ಮಾಡಿದ್ದೆ. ಅವರು ನನ್ನ ಕಡೆ ತಿರುಗಿ ತಣ್ಣಗೆ ಕೇಳಿದರು.

"ಬೋರ್ಡ್ ನೋಡಿ ತಪ್ಪು ಬರೆದ್ರು ಅಂತ ಆ ಸಾಲಿನವ್ರಿಗೆ ಎಷ್ಟು ಸಲ ಹೊಡೆದಿದ್ದೀರಿ ಮೇಡಂ?"

ಮಕ್ಕಳೆದುರಿಗೇ ಕೇಳಿದರು. ನನಗೆ ಅವಮಾನವಾಯಿತು, ಆದರೆ ಮಾತು ನಿಜವಾಗಿತ್ತು. ಆ ದಿನವೇ ಬೋರ್ಡನ್ನು ಬಿಚ್ಚಿಸಿ ಎದುರು ಗೋಡೆಗೆ ಹಾಕಿಸಿದೆ. ಕೋಲನ್ನು ಬಿಸಿಯೂಟದ ಒಲೆಗೆ ಹಾಕಿದೆ. ಇಷ್ಟನ್ನು ಕಲಿಸಿದ್ದಕ್ಕೆ ನಾನು ಅವರಿಗೆ ಋಣಿ. ಬರೆದಿದ್ದೇನೆ, ಯಾರೂ ಇಲ್ಲವೆನ್ನಬಾರದು.

ಮಕ್ಕಳು ಏನೇ ಬರೆದು ತರಲಿ, ಅವರು ಕೇಳುತ್ತಿದ್ದುದು ಒಂದೇ ಪ್ರಶ್ನೆ. "ಇದು ಯಾರಿಗೆ?" ಅರಮನೆ ಬರೆದರೂ ಅದೇ, ಕೋಳಿಗೂಡು ಬರೆದರೂ ಅದೇ. ಯಾರಿಗೆ ಎಂದು ಗೊತ್ತಿಲ್ಲದವರ ಚಿತ್ರವನ್ನು ವಾಪಸು ಕೊಡುತ್ತಿದ್ದರು. "ಹೋಗು, ಅವ್ರನ್ನ ಹುಡುಕ್ಕೊಂಡು ಬಾ." ಮತ್ತೆ ಪ್ರತಿಯೊಂದನ್ನೂ ಎರಡು ಸಲ ಬರೆಸುತ್ತಿದ್ದರು. ಒಂದು ಅವರಿಗೆ ಕೊಡಲು, ಇನ್ನೊಂದು ಮಕ್ಕಳ ನೋಟ್‌ಬುಕ್ಕಿನಲ್ಲೇ ಇಟ್ಟುಕೊಳ್ಳಲು.

ರೇಣುಕಾ ಆಗ ನಾಲ್ಕನೇ ತರಗತಿ. ಕುಪ್ಪಗಡ್ಡೆ ರಸ್ತೆಯ ಕಡೆಯವಳು. ಅವಳಮ್ಮ ನಮ್ಮ ಶಾಲೆಯಲ್ಲೇ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ತಂಗಿ ಪಾರ್ವತಿ ಎರಡನೇ ತರಗತಿ, ಎಲ್ಲರ ಬಾಯಲ್ಲಿ ಪಾರಿ. ಪಾರಿಗೆ ಹುಟ್ಟಿದಾಗಿನಿಂದ ಎರಡೂ ಕಾಲಿನಲ್ಲಿ ಸ್ವಾಧೀನವಿಲ್ಲ. ಅಕ್ಕ ಬೆನ್ನ ಮೇಲೆ ಹೊತ್ತು ತಂದು ಗೋಡೆಗೆ ಒರಗಿಸಿ ಕೂರಿಸಿದರೆ, ಮತ್ತೆ ಹೊತ್ತುಕೊಂಡು ಹೋಗುವವರೆಗೆ ಅಲ್ಲೇ. ನಮ್ಮ ಕಿಟಕಿಗಳು ದೊಡ್ಡವರ ಎದೆಯ ಎತ್ತರಕ್ಕಿದ್ದವು. ನೆಲದ ಮೇಲೆ ಕೂತ ಪಾರಿಗೆ ಕಾಣುತ್ತಿದ್ದುದು ಒಂದು ತುಂಡು ಆಕಾಶ. ಹೊರಗೆ ಏನಾದರೂ ಸದ್ದಾದರೆ ಅವಳು, "ಏನೇ ಅದು? ಯಾರೇ ಬಂದ್ರು?" ಎಂದು ಕೇಳುತ್ತಲೇ ಇರುತ್ತಿದ್ದಳು. "ಸುಮ್ನಿರೇ ಪಾರಿ" ಎಂದು ನಾನೇ ಎಷ್ಟೋ ಸಲ ಗದರಿದ್ದೇನೆ.

ಬೀಗ ಹಾಕಿದ ಕೋಣೆಯನ್ನು ಮತ್ತೆ ಕಟ್ಟಿದರೆ ಹೇಗಿರಬೇಕು ಎಂದು ಅವರು ಮಕ್ಕಳಿಗೆ ಕೆಲಸ ಕೊಟ್ಟರು. ಮೂರು ವಾರವಾದ ಮೇಲೆ ರೇಣುಕಾ ರಟ್ಟು ಮತ್ತು ಅಡಿಕೆ ಹಾಳೆಯಲ್ಲಿ ಒಂದು ಕೋಣೆ ಮಾಡಿಕೊಂಡು ಬಂದಳು. ಒಂದು ಗೋಡೆಯಲ್ಲಿ ಸಾಲಾಗಿ ಮೂರು ಕಿಟಕಿ. ಎರಡು ಕಿಟಕಿ ಬೆಂಚಿನ ಮೇಲೆ ಕೂತವರ ಎತ್ತರಕ್ಕೆ. ಮೂರನೆಯದು ನೆಲದಿಂದ ಎರಡೇ ಗೇಣು ಮೇಲೆ. ಅದರ ಕೆಳಗೆ, ಒಳಬದಿಗೆ, ಮೊಣಕೈ ಊರಲು ಒಂದು ಅಗಲವಾದ ಕಟ್ಟೆ.

ಅವರು ಅದನ್ನು ಅಂಗೈ ಮೇಲಿಟ್ಟುಕೊಂಡು ಬಹಳ ಹೊತ್ತು ತಿರುಗಿಸಿ ನೋಡಿದರು.

"ಇದು ಯಾರಿಗೆ?"

"ಪಾರಿಗೆ ಸಾರ್. ಅವ್ಳೂ ಹೊರಗೆ ನೋಡ್ಲಿ ಅಂತ."

"ಉಳಿದವ್ರಿಗೆ?"

"ಉಳಿದವ್ರಿಗೂ ಚೆನ್ನಾಗೇ ಇರ್ತೈತೆ. ಪಾರಿ ಪಕ್ಕ ಕೂತ್ಕೋಬೋದು."

ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡರು. ಕಣ್ಣು ಒದ್ದೆಯಾಗಿತ್ತು, ನಾನು ನೋಡಿದ್ದೇನೆ. "ಇದನ್ನ ನಾನು ತಗೊಂಡು ಹೋಗ್ಲಾ? ನಾಲ್ಕು ಜನಕ್ಕೆ ತೋರಿಸ್ತೀನಿ. ನಿಮ್ಮ ಕೋಣೆನ ಹಿಂಗೇ ಕಟ್ಟಿಸೋಣ." ರೇಣುಕಾ ಹಿಗ್ಗಿನಿಂದ ಹೂಂ ಎಂದಳು. ಸ್ಕೂಟರಿನಲ್ಲಿ ಮುದುಡಬಾರದೆಂದು ಅವಳಮ್ಮ ಅಕ್ಕಿ ಚೀಲದ ಬಟ್ಟೆಯಲ್ಲಿ ಸುತ್ತಿಕೊಟ್ಟಳು.

ಆಮೇಲೆ ಅವರ ಶನಿವಾರಗಳು ತೆಳುವಾದವು. ಒಮ್ಮೆ ಬಂದರೆ ಎರಡು ವಾರ ಇಲ್ಲ. ಕೋಣೆಯ ವಿಷಯ ಕೇಳಿದರೆ "ಮಾತಾಡ್ತಿದೀನ್ರಿ, ಆಗ್ತೈತೆ" ಎನ್ನುತ್ತಿದ್ದರು. ಅಷ್ಟರಲ್ಲಿ ಇನ್ನೂ ಆರೇಳು ಶಾಲೆಗಳಲ್ಲಿ ಪಾಠ ಶುರು ಮಾಡಿದ್ದರು, ಅವರ ಬಗ್ಗೆ ಪತ್ರಿಕೆಗಳಲ್ಲಿ ಬರುತ್ತಿತ್ತು. ನಾವು ಸಂತೋಷಪಟ್ಟೆವು.

ಮರುವರ್ಷ ಅವರೇ ಫೋನ್ ಮಾಡಿದರು. ಶಿಕಾರಿಪುರದಲ್ಲಿ ಒಂದು ಖಾಸಗಿ ಶಾಲೆಗೆ ಅವರು ಮಾಡಿದ ಕಟ್ಟಡಕ್ಕೆ ದೊಡ್ಡ ಬಹುಮಾನ ಬಂದಿದೆ, ಹೊರಗಿನಿಂದ ಗಣ್ಯರು ನೋಡಲು ಬರುತ್ತಾರೆ, ತಾವು ಕಲಿಸಿದ ಹಳ್ಳಿಯ ಮಕ್ಕಳೂ ಇದ್ದರೆ ಚೆನ್ನ ಎಂದರು. ವ್ಯಾನನ್ನೂ ಕಳಿಸಿದರು. ಹೊಸ ಕಟ್ಟಡದ ಮುಂದೆ ಐದು ಮೆಟ್ಟಿಲು. ರೇಣುಕಾ ತಂಗಿಯನ್ನು ಹೊತ್ತುಕೊಂಡು ಅಲ್ಲಿ ನಿಂತಾಗ ಅವರೇ ಮುಂದೆ ಬಂದು ಪಾರಿಯನ್ನು ಎತ್ತಿಕೊಂಡು ಒಳಗೆ ತಂದರು. ಕ್ಯಾಮೆರಾದವರು ಫೋಟೋ ಹೊಡೆದರು. ಒಂದು ತರಗತಿಯಲ್ಲಿ ಅವಳನ್ನು ನೆಲದ ಮೇಲೆ ಇಳಿಸಿದರು.

ನಾನು ಗೋಡೆ ನೋಡಿದೆ. ಮೂರು ಕಿಟಕಿ. ಎರಡು ಮೇಲೆ, ಮೂರನೆಯದು ನೆಲದ ಹತ್ತಿರ, ಕೆಳಗೆ ಅಗಲವಾದ ಕಟ್ಟೆ. ಪಕ್ಕದ ಕೋಣೆಗೆ ಹೋದೆ, ಅಲ್ಲೂ ಹಾಗೇ. ಹನ್ನೆರಡು ಕೋಣೆಯಲ್ಲೂ ಹಾಗೇ. ವಾಪಸು ಬಂದಾಗ ಪಾರಿ ಕೈಯೂರಿ ಜರುಗಿಕೊಂಡು ಹೋಗಿ ಆ ಕಿಟಕಿಯ ಕಟ್ಟೆಗೆ ಮೊಣಕೈ ಊರಿ ಹೊರಗೆ ನೋಡುತ್ತಿದ್ದಳು. ಕಟ್ಟೆ ಅವಳ ಮೊಣಕೈಗೆ ಸರಿಯಾಗಿತ್ತು.

ಬಂದ ಗಣ್ಯರಲ್ಲಿ ಒಬ್ಬರು ಕೇಳಿದರು: "ಮೂರನೇ ಕಿಟಕಿ ಯಾಕೆ ಕೆಳಗೆ?"

ಅವರು ಕನ್ನಡಕವನ್ನು ಮಣಿಕಟ್ಟಿನಿಂದ ತಳ್ಳಿ ಮುಗುಳ್ನಕ್ಕರು. "ನಮ್ಮ ಕಡೆ ಗುಡ್ಡ ಇಳಿದು ಗದ್ದೆ ಸೇರ್ತದಲ್ರಿ, ಆ ಇಳಿಜಾರನ್ನ ಗೋಡೆಗೆ ತರಬೇಕು ಅಂತ ಬಹಳ ದಿನದಿಂದ ಮನಸ್ಸಿನಲ್ಲಿತ್ತು."

ರೇಣುಕಾ ನನ್ನ ಪಕ್ಕದಲ್ಲಿದ್ದಳು. "ಅದು ಪಾರಿಗೆ ಸಾರ್" ಎಂದಳು. ಮರೆತವರಿಗೆ ನೆನಪು ಮಾಡುವ ಹಾಗೆ, ಅಷ್ಟೇ ಸಹಜವಾಗಿ. ಅವರಿಗೆ ಕೇಳಿಸಿತು. ಒಂದು ಗಳಿಗೆ ಅವಳನ್ನು ನೋಡಿದರು, ಆಮೇಲೆ ತಲೆ ಸವರಿ ಗಣ್ಯರಿಗೆ ಹೇಳಿದರು: "ನೋಡ್ರಿ, ಮಕ್ಕಳಿಗೆ ತಮ್ಮದೇ ಅನ್ನಿಸಬೇಕು. ಕಟ್ಟಡ ಗೆದ್ದಿದ್ದು ಅಲ್ಲೇ." ಎಲ್ಲರೂ ಚಪ್ಪಾಳೆ ತಟ್ಟಿದರು.

ವಾಪಸು ಬರುವಾಗ ವ್ಯಾನಿನಲ್ಲಿ ರೇಣುಕಾ ಕೇಳಿದಳು: "ಟೀಚರ್, ನಮ್ಮ ಶಾಲೇದು ಯಾವಾಗ ಕಟ್ತಾರೆ?" ಪಾರಿ ಹತ್ತಲಾಗದ ಐದು ಮೆಟ್ಟಿಲಿನ ಮೇಲೆ ಪಾರಿಗಾಗಿ ಹನ್ನೆರಡು ಕಿಟಕಿ ಇಟ್ಟಿದ್ದಾರೆ ಎಂಬುದೊಂದೇ ನನ್ನ ತಲೆಯಲ್ಲಿ ಸುತ್ತುತ್ತಿತ್ತು.

ನಾನು ಜಗಳವಾಡಲಿಲ್ಲ. ಫೋನ್ ಮಾಡಿ ಕೇಳಲೂ ಇಲ್ಲ. ಒಬ್ಬರೇ ಇದ್ದಾಗ ಕೇಳಿದರೆ ಅವರು ಒಬ್ಬರೇ ಇದ್ದಾಗ ಒಪ್ಪಿಕೊಂಡು ಮುಗಿಸುತ್ತಿದ್ದರು. ನನಗೆ ಅದು ಸಾಲದಾಗಿತ್ತು. ಚಪ್ಪಾಳೆ ತಟ್ಟಿಸಿಕೊಂಡ ಜಾಗದಂಥದೇ ಜಾಗದಲ್ಲಿ ಅವರ ಬಾಯಿ ಕಟ್ಟಬೇಕಿತ್ತು. ಅರ್ಧವಾರ್ಷಿಕ ಪರೀಕ್ಷೆ ಹತ್ತಿರ ಬಂದಾಗ ಮಕ್ಕಳ ನೋಟ್‌ಬುಕ್ಕುಗಳನ್ನು ತಿದ್ದಲು ತೆಗೆದುಕೊಂಡೆ, ಉಳಿದವನ್ನು ಹಿಂದಿರುಗಿಸಿ ರೇಣುಕಾಳದನ್ನು ಮಾತ್ರ ಇಟ್ಟುಕೊಂಡೆ. ಅದರಲ್ಲಿ ಆ ಕೋಣೆಯ ಚಿತ್ರವಿತ್ತು. ಪ್ರತಿ ಗೆರೆಯ ಪಕ್ಕ ಗೇಣಿನ ಲೆಕ್ಕ, ಮೂರನೆಯ ಕಿಟಕಿಯ ಕೆಳಗೆ "ಪಾರಿ" ಎಂಬ ಎರಡಕ್ಷರ, ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ "ತುಂಬಾ ಚೆನ್ನಾಗಿದೆ" ಎಂದು ಅವರದೇ ಬರಹ, ಅವರದೇ ಸಹಿ, ತಾರೀಖು.

ನಾಲ್ಕು ತಿಂಗಳು ಕಾದೆ. ಅಕ್ಕಿ ತೊಳೆಯುವಾಗ, ಹಾಜರಿ ಕೂಗುವಾಗ, ಬಸ್ಸಿಗೆ ನಿಂತಾಗ ಅವರಿಗೆ ಹೇಳುವ ಮಾತನ್ನು ಮನಸ್ಸಿನಲ್ಲೇ ಹೇಳಿ ನೋಡಿಕೊಳ್ಳುತ್ತಿದ್ದೆ. ಒಂದೊಂದು ಮಾತನ್ನೂ ಕಡಿಮೆ ಮಾಡುತ್ತಾ ಬಂದೆ. ಕೊನೆಗೆ ಉಳಿದದ್ದು ಅವರದೇ ಪ್ರಶ್ನೆ.

ಸೊರಬದಲ್ಲಿ ತಾಲ್ಲೂಕಿನ ಶಿಕ್ಷಕರಿಗೆ ತರಬೇತಿ ಇತ್ತು. ಅವರೇ ಮುಖ್ಯ ಅತಿಥಿ. ನೂರಕ್ಕೂ ಹೆಚ್ಚು ಜನ ಶಿಕ್ಷಕರು, ಇಲಾಖೆಯ ಅಧಿಕಾರಿಗಳು, ಪತ್ರಿಕೆಯವರು, ಅವರಿಂದ ಎರಡನೇ ಕಟ್ಟಡ ಮಾಡಿಸಬೇಕೆಂದಿದ್ದ ಖಾಸಗಿ ಶಾಲೆಯವರು. ಗೋಡೆಯ ಮೇಲಿನ ಪರದೆಯಲ್ಲಿ ಆ ಮೂರು ಕಿಟಕಿಯ ಚಿತ್ರ ಬಂದಾಗ ನಾನು ಎದ್ದು ಮುಂದೆ ಹೋದೆ. "ನಾನು ಮೊದಲು ಪಾಠ ಮಾಡಿದ ಶಾಲೆಯ ಮೇಡಂ" ಎಂದು ಅವರೇ ನಗುತ್ತಾ ಪರಿಚಯಿಸಲು ಹೊರಟರು. ನಾನು ನೋಟ್‌ಬುಕ್ ಬಿಡಿಸಿ ಪರದೆಯ ಚಿತ್ರದ ಪಕ್ಕ ಹಿಡಿದೆ. ಮುಂದಿನ ಸಾಲಿನವರಿಗೆ ಕಂಡಿತು. ಹಿಂದಿನವರು ಎದ್ದು ನಿಂತರು.

"ಸರ್, ಇದು ಯಾರಿಗೆ?" ಎಂದೆ.

ಅವರು ನೋಟ್‌ಬುಕ್ ನೋಡಿದರು. ತಮ್ಮ ಸಹಿ ನೋಡಿದರು. "ಅದು... ನಮ್ಮ ಒಂದು ಮಗು ಮಾಡಿದ್ದು. ನಾನು ಹೇಳಬೇಕು ಅಂತಲೇ..."

"ಮಾಡಿದ್ದು ಯಾರು ಅಂತ ಕೇಳಲಿಲ್ಲ. ಯಾರಿಗೆ ಅಂತ ಕೇಳಿದೆ. ನೀವು ಎತ್ತಿಕೊಂಡು ಹೋಗಿ ಫೋಟೋ ತೆಗೆಸಿಕೊಂಡಿರಲ್ಲ, ಆ ಹುಡುಗಿಯ ಹೆಸರು ಹೇಳಿ."

ನಾನು ಮೂರನೆಯ ಕಿಟಕಿಯ ಕೆಳಗಿನ ಹೆಸರನ್ನು ಹೆಬ್ಬೆರಳಿನಿಂದ ಮುಚ್ಚಿ ಹಿಡಿದಿದ್ದೆ. ಬೇಕೆಂದೇ ಮುಚ್ಚಿದ್ದೆ. ಅವರು ಬಾಯಿ ತೆರೆದರು. ಕನ್ನಡಕ ಮೇಲೆ ತಳ್ಳಿದರು. ಹೆಸರು ಬರಲಿಲ್ಲ. ಆ ಮೌನದಲ್ಲಿ ನನಗೆ ಆದ ಸುಖವನ್ನು ಸುಳ್ಳು ಹೇಳಿ ಮುಚ್ಚಿಡುವುದಿಲ್ಲ. ಮದುವೆಯಲ್ಲಿ, ಕೆಲಸ ಸಿಕ್ಕಾಗ, ಮಗಳು ಹುಟ್ಟಿದಾಗ ಆದದ್ದು ಬೇರೆ. ಇದು ಹಲ್ಲು ಕಚ್ಚಿ ಕಾದು ಪಡೆದದ್ದು. ಅವರ ಹಣೆಯ ಬೆವರನ್ನು ನಾನು ಒಂದೊಂದೇ ಹನಿ ನೋಡಿದೆ.

ಮಾರನೆಯ ದಿನ ಪತ್ರಿಕೆಯಲ್ಲಿ ಬಂತು. ಎರಡನೇ ಕಟ್ಟಡದ ಕೆಲಸ ಅವರ ಕೈ ತಪ್ಪಿತು. ಒಂದೊಂದಾಗಿ ಶಾಲೆಗಳು "ಸದ್ಯಕ್ಕೆ ಬೇಡ ಸರ್" ಎಂದವು. ನನ್ನನ್ನೂ ಕ್ಯಾಸನೂರಿನಾಚೆಯ ಒಂದು ಶಾಲೆಗೆ ನಿಯೋಜನೆ ಮೇಲೆ ಹಾಕಿದರು. ಯಾರು ಮಾಡಿಸಿದರೋ ಗೊತ್ತಿಲ್ಲ, ತಿಳಿದುಕೊಳ್ಳಲೂ ಹೋಗಲಿಲ್ಲ.

ಅಲ್ಲಿಗೂ ಅವರು ಹುಡುಕಿಕೊಂಡು ಬಂದರು. ಏಪ್ರಿಲ್ ತಿಂಗಳ ಮಧ್ಯಾಹ್ನ, ಮಕ್ಕಳು ಊಟಕ್ಕೆ ಕೂತಿದ್ದರು. ಸ್ಕೂಟರನ್ನು ಗೇಟಿನ ಹೊರಗೇ ನಿಲ್ಲಿಸಿ ಒಳಗೆ ನಡೆದು ಬಂದರು. ಮೈ ಇಳಿದುಹೋಗಿತ್ತು.

"ತಪ್ಪಾತ್ರಿ ಮೇಡಂ. ಅದನ್ನ ಹೇಳಕ್ಕೇ ಬಂದೆ."

"ನಂಗ್ಯಾಕೆ ಹೇಳ್ತೀರಿ? ಆ ಮಕ್ಕಳ ಮನೆ ಗೊತ್ತಲ್ಲ."

"ಎರಡು ಸಲ ಕುಪ್ಪಗಡ್ಡೆ ತನಕ ಹೋದೆ. ಆ ಹುಡುಗಿ ಮುಂದೆ ನಿಲ್ಲೋ ಧೈರ್ಯ ಬರಲಿಲ್ಲ." ಸ್ವಲ್ಪ ಹೊತ್ತು ಊಟ ಮಾಡುವ ಮಕ್ಕಳನ್ನೇ ನೋಡಿದರು. "ಅದು ಅವಳದು ಅಂತ ನಂಗೆ ಕೊನೆಕೊನೆಗೆ ನೆನಪೇ ಇರಲಿಲ್ರಿ. ದಿನಾ ಮೇಜಿನ ಮೇಲಿಟ್ಕೊಂಡು ನೋಡಿ ನೋಡಿ ನಂದೇ ಆಗಿಬಿಟ್ಟಿತ್ತು."

"ಸರಿ."

"ಇನ್ನೊಂದು ಮಾತು. ಇಲ್ಲಿ ಶನಿವಾರ ಒಂದು ತಾಸು ಬರ್ಲಾ? ನನ್ನ ಹೆಸರು ಎಲ್ಲೂ ಬೇಡ. ಪೇಪರಿನವರು ಬೇಡ. ಮಕ್ಕಳ ಜೊತೆ ನೆಲದ ಮೇಲೆ ಕೂತ್ಕೊಂಡ್ರೆ ಸಾಕು."

ಅವರ ಕಣ್ಣಲ್ಲಿ ಬೇಡಿಕೆ ಇತ್ತು. ಆ ಶಾಲೆಯಲ್ಲಿ ಇಪ್ಪತ್ತೆರಡು ಮಕ್ಕಳಿದ್ದರು. ಆ ಮಕ್ಕಳಿಗೆ ಇಂಥ ಮೇಷ್ಟ್ರು ಇನ್ನೊಬ್ಬರು ಸಿಗುವುದಿಲ್ಲ ಎಂದು ನನಗಿಂತ ಚೆನ್ನಾಗಿ ಗೊತ್ತಿದ್ದವರು ಯಾರೂ ಇರಲಿಲ್ಲ.

"ಇಲ್ಲಿ ಬೇಡ" ಎಂದೆ.

ಅವರು ತಲೆಯಾಡಿಸಿ ಹೋದರು. ಆಮೇಲೆ ಯಾವ ಶಾಲೆಗೂ ಹೋಗಲಿಲ್ಲವಂತೆ. ಎರಡು ತಿಂಗಳ ಹಿಂದೆ ಎದೆನೋವೆಂದು ಆಸ್ಪತ್ರೆಗೆ ಹೋದವರು ಮನೆಗೆ ಬರಲಿಲ್ಲ.

ಇದನ್ನು ಬರೆಯುವ ಮುಂಚೆ ರೇಣುಕಾಳನ್ನು ನೋಡಬೇಕೆನಿಸಿತು. ಈಗ ಅವಳು ಸೊರಬದ ಕಾಲೇಜಿನಲ್ಲಿ ಎರಡನೇ ಪಿಯುಸಿ. ಭಾನುವಾರ ಕುಪ್ಪಗಡ್ಡೆ ಬಸ್ಸು ಹತ್ತಿದೆ. ಹೊಸಬಾಳೆ ಕಡೆಯ ಆ ಶಾಲೆಯ ಮೂರನೆಯ ಕೋಣೆಗೆ ಇವತ್ತಿಗೂ ಬೀಗವೇ. ಪಾರಿ ಐದನೇ ತರಗತಿಗೇ ಶಾಲೆ ಬಿಟ್ಟು ಮನೆಯಲ್ಲಿ ಕೈಮಿಷನ್ನಿನಲ್ಲಿ ರವಿಕೆ ಹೊಲಿಯುತ್ತಾಳೆ. ಅಕ್ಕತಂಗಿಯರು ನನ್ನನ್ನು ಒಳಗೆ ಕರೆದು ಚಾಪೆ ಹಾಸಿದರು. ಅವರಮ್ಮ, "ಟೀಚರ್ ಬಂದಾರೆ, ಒಂಚೂರು ಚಾ ಮಾಡ್ತೀನಿ" ಎಂದು ಒಲೆಯ ಹತ್ತಿರ ಹೋದಳು.

ನಾನು ಅವರ ಸಾವಿನ ಸುದ್ದಿ ಹೇಳಿದೆ. ಪುಸ್ತಕದ ವಿಷಯ ಹೇಳಿದೆ. "ಎಲ್ಲ ಬರೀತೀನಿ ರೇಣು. ನಿನಗಾದ ಅನ್ಯಾಯ ಜನಕ್ಕೆ ಗೊತ್ತಾಗ್ಲಿ" ಎಂದೆ.

ರೇಣುಕಾ ನನ್ನ ಎದುರಿಗೆ ಬಂದು ಕೂತಳು.

"ಟೀಚರ್, ಒಂದು ಮಾತು ಹೇಳ್ಲಾ? ಅವತ್ತು ಆ ಶಾಲೆ ನೋಡ್ದಾಗ ನಂಗೆ ಸಿಟ್ಟು ಬಂದಿರ್ಲಿಲ್ಲ. ನಂದು ಕಟ್ಟಿದಾರೆ ಅಂತ ಖುಷಿ ಆಗಿತ್ತು. ಸಿಟ್ಟು ಬಂದಿದ್ದು ಪೇಪರ್ ನೋಡ್ದಾಗ."

"ಯಾಕೆ?"

"ಅದ್ರಲ್ಲಿ ನಿಮ್ಮ ಫೋಟೋ ಇತ್ತು, ಕೈಯಲ್ಲಿ ನನ್ನ ನೋಟ್‌ಬುಕ್ಕು. ಕೆಳಗೆ ನಿಮ್ಮ ಹೆಸರಿತ್ತು. ನಂದು 'ಒಬ್ಬ ವಿದ್ಯಾರ್ಥಿನಿ' ಅಂತಿತ್ತು. ನೋಟ್‌ಬುಕ್ ತಗೊಂಡಿದ್ದನ್ನ ನೀವು ನಂಗೆ ಹೇಳ್ಲೂ ಇಲ್ಲ. ಕಳೆದುಹೋತು ಅಂದ್ಕೊಂಡು ನಾನು ಅಮ್ಮನ ಕೈಲಿ ಹೊಡೆಸ್ಕೊಂಡಿದ್ದೆ."

ಪತ್ರಿಕೆಯವರು ನನ್ನನ್ನು ಕೇಳಿದ್ದು ನಿಜ, ನಾನು ಹತ್ತು ನಿಮಿಷ ಮಾತಾಡಿದ್ದೂ ನಿಜ. ಹುಡುಗಿಯ ಹೆಸರನ್ನು ಹೇಳಿದೆನೋ ಇಲ್ಲವೋ, ಎಷ್ಟು ತಡಕಾಡಿದರೂ ನೆನಪಿಗೆ ಬರಲಿಲ್ಲ. ಚಾ ಬಂತು. ಲೋಟ ಹಿಡಿದುಕೊಂಡು ಕೂತೆ. ಅವರನ್ನು ಸಭೆಯಲ್ಲಿ ನಿಲ್ಲಿಸಿದಾಗ ಅವರಿಗೆ ಹೇಗಾಗಿತ್ತೋ ನನಗೂ ಹಾಗೇ ಆಯಿತು.

"ತಪ್ಪಾಯ್ತು ರೇಣು" ಎಂದೆ. ಅವರು ಎರಡು ಸಲ ಬಂದೂ ಆಡಲಾಗದೆ ಹಿಂದಿರುಗಿದ ಮಾತು ಅದು. "ಈ ಸಲ ಕೇಳ್ತಿದೀನಿ. ಬರೀಲಾ, ಬೇಡ್ವಾ?"

"ಬರೀರಿ. ಪೂರ್ತಿ ಬರೀರಿ. ಇದನ್ನೂ ಸೇರಿಸಿ."

ಸೇರಿಸಿದ್ದೇನೆ. ಪುಸ್ತಕದವರು ಇದನ್ನು ಹಾಕಲಿಕ್ಕಿಲ್ಲ. ಹಾಕದಿದ್ದರೆ ಬೇರೆ ಕಡೆ ಕೊಡುತ್ತೇನೆ. ಅವರ ಮೇಲಿನ ಸಿಟ್ಟು ಇಳಿದಿದೆ ಎಂದು ಯಾರೂ ತಿಳಿಯಬೇಕಿಲ್ಲ, ನನ್ನ ಮೇಲಿನದೂ ಅದಕ್ಕೆ ಕೂಡಿಕೊಂಡಿದೆ ಅಷ್ಟೆ.

ನಾನು ಏಳುವ ಹೊತ್ತಿಗೆ ಅಲ್ಲಿಯವರೆಗೆ ಮಾತಾಡದೆ ಹೊಲಿಯುತ್ತಿದ್ದ ಪಾರಿ ಮಿಷನ್ ನಿಲ್ಲಿಸಿದಳು.

"ಟೀಚರ್, ಆ ಸಾರ್ ಪಾಠ ಬಹಳ ಚೆನ್ನಾಗಿ ಮಾಡ್ತಿದ್ರು. ಅದನ್ನೂ ಬರೀರಿ."

"ಬರೆದೇ ಬರೀತೀನಿ ಪಾರ್ವತಿ" ಎಂದೆ. "ಚೆನ್ನಾಗಿ ಮಾಡದೆ ಇದ್ದಿದ್ರೆ ನಾನು ಅವರ ಮೇಲಿನ ಸಿಟ್ಟನ್ನ ಯಾವಾಗ್ಲೋ ಬಿಟ್ಟುಬಿಡ್ತಿದ್ದೆ."